ಹುಳುಮನೆಯಲ್ಲಿ 85 ಡಿಗ್ರಿ

ರಾತ್ರಿ ಎರಡು ಗಂಟೆಗೆ ಮೊಬೈಲ್ ಕೂಗಿತು. ಹುಳುಮನೆಯ ಶಾಖ 85 ಡಿಗ್ರಿ. ಗಾಬರಿಯಲ್ಲಿ ಅಣ್ಣನಿಗೆ ಫೋನ್ ಮಾಡಿದೆ. ಅವನು ಎದ್ದು ಹೋಗಿ ಗೋಡೆಯ ಥರ್ಮಾಮೀಟರ್ ನೋಡಿದ. "ಇಪ್ಪತ್ತಾರು ಇದೆ. ಹುಳುಗಳು ಸೊಪ್ಪು ತಿನ್ನುತ್ತಿವೆ. ನೀನು ಮಲಗು" ಎಂದು ಫೋನ್ ಇಟ್ಟುಬಿಟ್ಟ.

ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ಅಣ್ಣ, ಅತ್ತಿಗೆ ಇರುವುದು ಶಿಡ್ಲಘಟ್ಟದ ಕಡೆಯ ನಮ್ಮ ಊರಿನಲ್ಲಿ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ಎಲೆಕ್ಟ್ರಾನಿಕ್ಸ್ ನನ್ನ ಸಂಜೆಯ ಹುಚ್ಚು. ಶಾಖ ಅಳೆದು ಫ್ಯಾನ್ ಹಾಕುವ ಒಂದು ಪೆಟ್ಟಿಗೆಯನ್ನು ಮಾಡಿ ಕೊಟ್ಟಿದ್ದೆ: ಪ್ರೋಗ್ರಾಂ ಓಡಿಸುವ ಒಂದು ಸಣ್ಣ ಇಎಸ್‌ಪಿ32 ಬೋರ್ಡ್, ಶಾಖ ಅಳೆಯುವ ಮೂರು ಡಿಎಸ್18ಬಿ20 ಸೆನ್ಸರ್, ಫ್ಯಾನಿಗೆ ಸ್ವಿಚ್ ಆಗಿ ಒಂದು ರಿಲೇ. ಪ್ರೋಗ್ರಾಂಗೆ ಎರಡು ವಾರ ಕಳೆದಿದ್ದೆ. ವೈರ್ ಬಗ್ಗೆ ಹತ್ತು ನಿಮಿಷವೂ ಯೋಚಿಸಿರಲಿಲ್ಲ. ಬೋರ್ಡಿನ ಜೊತೆ ಬಂದ ಬಣ್ಣಬಣ್ಣದ ಜಂಪರ್ ವೈರ್ ಇತ್ತು, ಮನೆಯಲ್ಲಿ ದೀಪದ ಸರಕ್ಕೆಂದು ತಂದ ಜೋಡಿ ವೈರ್ ಬಿದ್ದಿತ್ತು, ಅವನ್ನೇ ಹಾಕಿದೆ.

ಆ 85 ಎಲ್ಲಿಂದ ಬಂತು ಎಂದು ಸೆನ್ಸರ್‌ನ ಮಾಹಿತಿ ಪತ್ರ ತೆರೆದರೆ ಉತ್ತರ ಅಲ್ಲೇ ಇತ್ತು. ಕರೆಂಟ್ ಬಂದ ಕೂಡಲೇ ಅದರ ನೆನಪಿನಲ್ಲಿ ಕೂತಿರುವ ಅಂಕಿ 85. ಪೂರ್ತಿ ನಿಖರತೆಯ ಅಳತೆಗೆ ಮುಕ್ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ವೋಲ್ಟೇಜ್ ಕುಸಿದು ಮತ್ತೆ ಏರಿದರೆ ಅಳತೆ ಅಳಿಸಿಹೋಗಿ 85 ಉಳಿಯುತ್ತದೆ. ದಾಖಲೆ ತಿರುವಿ ನೋಡಿದೆ. ಪ್ರತಿ 85ರ ಪಕ್ಕದಲ್ಲೂ ಫ್ಯಾನ್ ಶುರುವಾದ ಸಮಯವಿತ್ತು.

ಆಗ ಲೆಕ್ಕ ಹಾಕಿದೆ. ಆ ಜೋಡಿ ವೈರನ್ನು ಅಂಗಡಿಯವರು 14/36 ಎನ್ನುತ್ತಾರೆ. 36 ಗೇಜಿನ 14 ಎಳೆಗಳು. ಎಲ್ಲ ಸೇರಿ ತಾಮ್ರ ಸುಮಾರು 0.4 ಚದರ ಮಿಲಿಮೀಟರ್. ಸಪ್ಲೈನಿಂದ ಪೆಟ್ಟಿಗೆಗೆ 18 ಮೀಟರ್. ಕರೆಂಟ್ ಹೋಗಿ ಮರಳಬೇಕಾದ್ದರಿಂದ ಲೆಕ್ಕಕ್ಕೆ 36 ಮೀಟರ್. ಪ್ರತಿರೋಧ ಒಂದೂವರೆ ಓಮ್. 12 ವೋಲ್ಟಿನ ಫ್ಯಾನ್ ಓಡುವಾಗ 2 ಆಂಪಿಯರ್, ಅಂದರೆ 3 ವೋಲ್ಟ್ ದಾರಿಖರ್ಚು. ಹೊರಡುವ ಗಳಿಗೆಯಲ್ಲಿ ಮೋಟಾರು ಇನ್ನೂ ಹೆಚ್ಚು ಎಳೆಯುತ್ತದೆ. 5 ಆಂಪಿಯರ್ ಎಂದುಕೊಂಡರೂ ಪೆಟ್ಟಿಗೆಗೆ ತಲುಪುವುದು ನಾಲ್ಕೂವರೆ ವೋಲ್ಟ್. ಅದನ್ನು ಪೆಟ್ಟಿಗೆಯೊಳಗೆ ಇನ್ನೂ ಇಳಿಸಿ ಬೋರ್ಡಿಗೂ ಸೆನ್ಸರ್‌ಗೂ ಕೊಡುವುದು. ಬೋರ್ಡ್ ಹೇಗೋ ಉಸಿರು ಹಿಡಿದುಕೊಳ್ಳುತ್ತಿತ್ತು. 3 ವೋಲ್ಟಿಗಿಂತ ಕೆಳಗೆ ಕೆಲಸ ಮಾಡದ ಸೆನ್ಸರ್‌ಗೆ ಅದು ಆಗುತ್ತಿರಲಿಲ್ಲ.

ವೈರ್ ಬಿಸಿಯೂ ಆಗಿರಲಿಲ್ಲ ಎಂಬುದೇ ನನ್ನನ್ನು ದಾರಿ ತಪ್ಪಿಸಿತ್ತು. ಎಷ್ಟು ಆಂಪಿಯರ್ ತಡೆಯುತ್ತದೆ ಎಂದು ಕೇಳಿ ವೈರ್ ಕೊಳ್ಳುವುದು 230 ವೋಲ್ಟಿನ ಅಭ್ಯಾಸ. ಅಲ್ಲಿ 3 ವೋಲ್ಟ್ ಹೋದರೆ ಯಾರಿಗೂ ತಿಳಿಯುವುದಿಲ್ಲ. 12 ವೋಲ್ಟಿನಲ್ಲಿ ಅದು ಕಾಲು ಭಾಗ. ಈಗ ಫ್ಯಾನಿಗೆ 1.5 ಚದರ ಮಿಲಿಮೀಟರಿನ ವೈರ್ ಎಳೆದಿದ್ದೇನೆ, ಪ್ರತಿರೋಧ 0.4 ಓಮ್. ಬೋರ್ಡಿಗೆ ಸಪ್ಲೈನಿಂದಲೇ ಬೇರೆ ಜೋಡಿ. ಈ ಎರಡನೆಯದು ದಪ್ಪ ವೈರಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ನಡುವೆ ಒಂದು ದಡ್ಡತನವೂ ಆಯಿತು. ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನಿನಲ್ಲಿ ತರಿಸಿದ ಸುರುಳಿ ತಾಮ್ರದ್ದಲ್ಲ, ತಾಮ್ರದ ಲೇಪವಿದ್ದ ಅಲ್ಯೂಮಿನಿಯಂ. ಬ್ಲೇಡಿನಿಂದ ಎಳೆಯನ್ನು ಕೆರೆದಾಗ ಒಳಗೆ ಬಿಳಿ ಕಂಡಿತು. ಅಲ್ಯೂಮಿನಿಯಂನ ಪ್ರತಿರೋಧ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು. ಈಗ ಬಿ.ಬಿ. ರಸ್ತೆಯ ಅಂಗಡಿಗೆ ಹೋದರೂ ಜೇಬಿನಲ್ಲಿ ಬ್ಲೇಡ್ ಇರುತ್ತದೆ. ತವರ ಲೇಪಿಸಿದ ಒಳ್ಳೆಯ ತಾಮ್ರವೂ ಹೊರಗೆ ಬಿಳಿಯೇ; ಕೆರೆದರೆ ಕೆಂಪು ಕಾಣಬೇಕು.

85 ನಿಂತಿತು. ಮೈನಸ್ 127 ಶುರುವಾಯಿತು. ಇದು ಸೆನ್ಸರ್ ಕೊಡುವ ಅಂಕಿಯಲ್ಲ. ಸೆನ್ಸರ್ ಮಾತನಾಡುತ್ತಿಲ್ಲ ಎಂದು ಪ್ರೋಗ್ರಾಂ ಹೇಳುವ ರೀತಿ. ಎಂದರೆ ಜೋಡಣೆ ಬಿಟ್ಟಿದೆ. ಹುಳುಮನೆಯ ಗಾಳಿಯನ್ನು ನಾನು ಮರೆತಿದ್ದೆ. ಹುಳುವಿಗೆ ಬೇಕಾದ ತೇವ 70ರಿಂದ 85 ಶೇಕಡಾ. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿ ಎರಚುತ್ತಾರೆ. ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರಿನ ನೀರು ಸಿಂಪಡಿಸುತ್ತಾರೆ. ಜಂಪರ್ ವೈರಿನ ತುದಿ ಬಿಚ್ಚಿ ನೋಡಿದರೆ ಹಸಿರು ಕಿಲುಬು ಕಟ್ಟಿತ್ತು. ಜಂಪರ್ ವೈರ್ ಮೇಜಿನ ಮೇಲಿನ ಪ್ರಯೋಗಕ್ಕೆ. ಮೇಜು ಬಿಟ್ಟಿಳಿದರೆ ಅದಕ್ಕೆ ಬೆಲೆಯಿಲ್ಲ.

ಪೆಟ್ಟಿಗೆಯ ಒಳಗೆ ಈಗ ಜೆಎಸ್‌ಟಿ ಎಕ್ಸ್‌ಎಚ್ ಕನೆಕ್ಟರ್‌ಗಳು, ಪಿನ್ನುಗಳ ನಡುವೆ 2.5 ಮಿಲಿಮೀಟರ್ ಅಂತರದವು, 3 ಆಂಪಿಯರ್‌ವರೆಗೆ ಸಾಕು. ತಿರುಗಿಸಿ ಹಾಕಲು ಬರುವುದಿಲ್ಲ ಎಂಬುದೇ ಅವುಗಳ ಗುಣ. ವೈರಿನ ತುದಿಗೆ ಹಾಕುವ ಲೋಹದ ಟರ್ಮಿನಲ್ಲನ್ನು ಮಾಮೂಲಿ ಇಕ್ಕಳದಲ್ಲಿ ಅದುಮಿ ಮೂರು ಬಾರಿ ಕೆಟ್ಟ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕ್ರಿಂಪಿಂಗ್ ಇಕ್ಕಳ ತಂದೆ. ಟರ್ಮಿನಲ್ಲಿನ ಒಂದು ಜೋಡಿ ರೆಕ್ಕೆ ತಾಮ್ರವನ್ನು, ಇನ್ನೊಂದು ಜೋಡಿ ಪ್ಲಾಸ್ಟಿಕ್ ಕವಚವನ್ನು ಹಿಡಿಯಬೇಕು. ಅದುಮಿದ ಮೇಲೆ ಒಮ್ಮೆ ಬಲವಾಗಿ ಎಳೆದು ನೋಡುತ್ತೇನೆ. ಸ್ಕ್ರೂ ಟರ್ಮಿನಲ್ಲಿಗೆ ಹೋಗುವ ವೈರಿನ ತುದಿಗೆ ಬೆಸುಗೆ ಹಾಕುವುದನ್ನು ಬಿಟ್ಟಿದ್ದೇನೆ. ಬೆಸುಗೆಯ ಲೋಹ ಒತ್ತಡಕ್ಕೆ ನಿಧಾನವಾಗಿ ಹರಡಿ ಸ್ಕ್ರೂ ಸಡಿಲವಾಗುತ್ತದೆ. ಫೆರೂಲ್ ಎಂಬ ಸಣ್ಣ ಕೊಳವೆ ಹಾಕಿ ಅದುಮುತ್ತೇನೆ.

ಹೊರಗಿನದ್ದೇ ಕಷ್ಟವಾಯಿತು. ಔಷಧಿ ಸಿಂಪಡಿಸುವ ಮುನ್ನ ಸೆನ್ಸರ್‌ಗಳನ್ನು ಬಿಚ್ಚಬೇಕು, ಹಾಗಾಗಿ ಬೆಸೆದು ಮುಚ್ಚುವಂತಿಲ್ಲ. ಹೆಡ್‌ಫೋನ್ ಜ್ಯಾಕ್ ಹಾಕು ಎಂದು ಸ್ನೇಹಿತನೊಬ್ಬ ಹೇಳಿದ. ತೂರಿಸುವಾಗ ಅದು ಒಂದು ಕ್ಷಣ ಸಂಪರ್ಕಗಳನ್ನು ಒಂದಕ್ಕೊಂದು ತಾಗಿಸಿ ಶಾರ್ಟ್ ಮಾಡುತ್ತದೆ. ಯುಎಸ್‌ಬಿ ಸಾಕೆಟ್ ಹಾಕಿದ್ದರೆ ಅಣ್ಣನ ಮಗ ಅದೇ ದಿನ ಮೊಬೈಲ್ ಚಾರ್ಜರ್ ಚುಚ್ಚುತ್ತಿದ್ದ. ಉತ್ತರ ಸಿಕ್ಕಿದ್ದು ಬೈಕ್ ಬಿಡಿಭಾಗಗಳ ಅಂಗಡಿಯಲ್ಲಿ. ಆಟೋ ಎಲೆಕ್ಟ್ರಿಷಿಯನ್‌ಗಳು ಕಪ್ಲರ್ ಎನ್ನುವ ಮೂರು ಪಿನ್ನಿನ ಕನೆಕ್ಟರ್. ಪ್ರತಿ ವೈರಿಗೂ ಒಂದೊಂದು ರಬ್ಬರ್ ಸೀಲ್, ಮೇಲೊಂದು ಕೊಂಡಿ. ಮಳೆ, ಕೆಸರು ತಿನ್ನುವ ಗಾಡಿಗೆ ಮಾಡಿದ್ದು ಹುಳುಮನೆಗೆ ಏಕೆ ಬೇಡ?

ಗೋಡೆಯುದ್ದಕ್ಕೆ ನೆಟ್‌ವರ್ಕ್ ಕೇಬಲ್ ಓಡಿಸಿದ್ದೇನೆ. ಡೇಟಾ ಮತ್ತು ಗ್ರೌಂಡ್ ಒಂದೇ ತಿರುಚಿದ ಜೋಡಿಯಲ್ಲಿ. ಸೆನ್ಸರ್‌ಗಳು ಒಂದೇ ಸಾಲಿನಲ್ಲಿ, ಕವಲು ಒಡೆಯದೆ. ಉದ್ದ ಹೆಚ್ಚಿದ್ದರಿಂದ ಡೇಟಾ ವೈರನ್ನು ವೋಲ್ಟೇಜಿಗೆ ಎಳೆದು ಹಿಡಿಯುವ 4.7 ಕಿಲೋ ಓಮ್ ರೆಸಿಸ್ಟರ್ ತೆಗೆದು 2.2 ಹಾಕಿದೆ. ನೆಟ್‌ವರ್ಕ್ ಕೇಬಲ್ಲಿನ ಒಂಟಿ ಎಳೆಯ ತಂತಿ ಬಗ್ಗಿಸಿದಷ್ಟೂ ಮುರಿಯುತ್ತದೆ. ಆದ್ದರಿಂದ ಕಪ್ಲರ್ ಬಳಿ ಹಲವು ಎಳೆಯ ವೈರಿನ ಒಂದು ಗೇಣು ಬಾಲ ಬೆಸೆದಿದ್ದೇನೆ.

ಕಳೆದ ಬೆಳೆ ಮುಗಿದಾಗ ಅತ್ತಿಗೆ ನನ್ನನ್ನು ಕೇಳದೆ ಮೂರೂ ಕಪ್ಲರ್ ಬಿಚ್ಚಿ, ಸೆನ್ಸರ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದರು. ಮತ್ತೆ ಹಾಕಿದ್ದೂ ಅವರೇ. ಮೊನ್ನೆ ಮತ್ತೆ ಮೈನಸ್ 127 ಬಂತು. ಹೋಗಿ ನೋಡಿದರೆ ಇಲಿ ಕಚ್ಚಿತ್ತು. ಈಗ ಹಳೆಯ ಹನಿ ನೀರಾವರಿ ಪೈಪನ್ನು ಉದ್ದಕ್ಕೆ ಸೀಳಿ ಕೇಬಲ್ಲಿಗೆ ತೊಡಿಸುತ್ತಿದ್ದೇವೆ. ಹನ್ನೆರಡು ಮೀಟರ್ ಆಗಿದೆ.