ಚೋರ್ ಬಜಾರಿನ ಕಪ್ಪು ಟ್ರೇ ಬೆಳ್ಳಗಾಗಿದ್ದು ಹೀಗೆ

ನಾವಿರೋದು ಮುಂಬೈ ಹತ್ರದ ಡೊಂಬಿವಲಿ. ಮುಂಬೈನ ಹಳೆ ಸಾಮಾನಿನ ಪೇಟೆ ಚೋರ್ ಬಜಾರಿನ ಮಟನ್ ಸ್ಟ್ರೀಟಲ್ಲಿ ಹಳೆ ಬೆಳ್ಳಿ ಗಿಲೀಟಿನ ಟ್ರೇ, ಟೀಪಾಟು, ಚಮಚ ಕಂಡ್ರೆ ನಂಗೆ ಸುಮ್ನೆ ಬರೋಕಾಗಲ್ಲ (ಶುಕ್ರವಾರ ಹೋಗ್ಬೇಡಿ, ಅಂಗಡಿ ಬಂದ್). ತಗೊಳ್ಳೋ ಮುಂಚೆ ತಿರುಗಿಸಿ ತಳ ನೋಡ್ತೀನಿ, ಇಪಿಎನ್‌ಎಸ್ (EPNS) ಅಂತ ಮುದ್ರೆ ಇದ್ರೆ ಒಳಗಿರೋದು ತಾಮ್ರ, ಸತು, ನಿಕ್ಕಲ್, ಬೆಳ್ಳಿ ಮೇಲ್ಮೇಲೆ ಒಂದು ತೆಳು ಪದರ ಅಷ್ಟೇ, ಅಂಗಡಿಯವ್ರು "ಅಸಲಿ ಚಾಂದಿ" ಅಂದ್ರೆ ನಕ್ಕು ರೇಟು ಇಳಿಸಿ. ಕಪ್ಪಿದ್ರೆ ಪರವಾಗಿಲ್ಲ. ಅಂಚಲ್ಲಿ ಹಳದಿನೋ ಕೆಂಪೋ ಇಣುಕ್ತಿದ್ರೆ ಬೆಳ್ಳಿ ಸವೆದಿದೆ ಅಂತ ಲೆಕ್ಕ, ಯಾವ ಪಾಲಿಶೂ ಅದನ್ನ ವಾಪಸ್ ತರಲ್ಲ.

ಮನೇಲಿ ಮೊದಲು ಸೋಪುನೀರಲ್ಲಿ ಜಿಡ್ಡು ತೆಗೀತೀನಿ. ಆಮೇಲೆ ಪ್ಲಾಸ್ಟಿಕ್ ಟಬ್ಬಲ್ಲಿ ಅಲ್ಯುಮಿನಿಯಂ ಫಾಯಿಲ್ ಹಾಸಿ, ಸಾಮಾನು ಫಾಯಿಲಿಗೆ ತಾಗೋ ಹಾಗೆ ಇಟ್ಟು, ಲೀಟರ್ ಬಿಸಿನೀರಿಗೆ ಒಂದೆರಡು ದೊಡ್ಡ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಹಾಕಿ ಸುರೀತೀನಿ. ಕೊಳೆತ ಮೊಟ್ಟೆ ವಾಸನೆ ಬರತ್ತೆ, ಕಿಟಕಿ ತೆಗೆದಿಡಿ. ಆ ಕಪ್ಪು ಅಂದ್ರೆ ಬೆಳ್ಳಿಗೆ ಗಂಧಕ ಸೇರಿ ಆಗಿರೋದು, ಇಲ್ಲಿ ಗಂಧಕ ಬಿಟ್ಟು ಹೋಗಿ ಬೆಳ್ಳಿ ಅಲ್ಲೇ ಉಳಿಯತ್ತೆ, ಉಜ್ಜಿದ್ರೆ ಬೆಳ್ಳಿನೂ ಜೊತೆಗೇ ಹೋಗತ್ತೆ, ಅದಕ್ಕೇ ನಂಗೆ ಈ ದಾರಿ ಇಷ್ಟ. ಐದು ನಿಮಿಷ ಸಾಕು. ಕೆತ್ತನೆ ಇರೋ ಟ್ರೇನ ಇನ್ನೂ ಬೇಗ ತೆಗೀರಿ, ಗೆರೆಗಳ ಸಂದಿಯ ಕಪ್ಪೂ ಹೋದ್ರೆ ಚಿತ್ತಾರ ಬೋಳಾಗಿ ಕಾಣ್ಸತ್ತೆ.

ಮರದ ಹಿಡಿ ಇರೋ ಟೀಪಾಟು, ಟೊಳ್ಳು ಹಿಡಿಯ ಚಾಕು ಮುಳುಗಿಸ್ಬೇಡಿ, ಹಿಡಿ ಒಳಗಿನ ಅಂಟು ಬಿಸಿಗೆ ಸಡಿಲ ಆಗತ್ತೆ. ಅವಕ್ಕೆ ಸಿಲ್ವೋ ಅನ್ನೋ ಬೆಳ್ಳಿ ಪಾಲಿಶ್ ಮೆತ್ತಗೆ ಹಚ್ಚಿ, ಹಳೆ ಪಂಚೆ ತುಂಡಲ್ಲಿ ಒಂದೇ ದಿಕ್ಕಿಗೆ ಒರೆಸೋದು. ನಮ್ಮಮ್ಮ ಊರಿಂದ ಬಂದಾಗೆಲ್ಲ "ಹುಣಸೆಹಣ್ಣು ಹಾಕಿ ಉಜ್ಜೇ, ಇಲ್ಲಾ ಹಲ್ಲುಪುಡಿ ಹಾಕು" ಅಂತಾರೆ, ಹಿತ್ತಾಳೆ ದೀಪಕ್ಕೆ ಸರಿ ಅಮ್ಮಾ, ಗಿಲೀಟಿಗೆ ಆ ಪುಡಿ ತರಿತರಿ. ಪೀತಾಂಬರಿ ಪಾತ್ರೆ ಪುಡೀನೂ ನಾನು ಹಿತ್ತಾಳೆ ತಾಮ್ರಕ್ಕೇ ಇಟ್ಕೊಂಡಿದೀನಿ.

ತೊಳೆದ ಮೇಲೆ ತೇವ ಒಂಚೂರೂ ಉಳೀಬಾರ್ದು, ಇಲ್ಲಿನ ಮಳೆಗಾಲ ಗೊತ್ತಲ್ಲ. ಹತ್ತಿ ಬಟ್ಟೇಲಿ ಸುತ್ತಿ ಚಪ್ಪಲಿ ಡಬ್ಬೀಲಿ ಬರೋ ಸಿಲಿಕಾ ಪೊಟ್ಟಣ ಜೊತೆಗಿಡಿ, ರಬ್ಬರ್ ಬ್ಯಾಂಡ್ ಮಾತ್ರ ಹಾಕ್ಬೇಡಿ, ಅದರಲ್ಲೂ ಗಂಧಕ ಇರತ್ತೆ. ಚಮಚಗಳನ್ನಂತೂ ನಾನು ಒಳಗಿಡೋದೇ ಇಲ್ಲ, ದಿನಾ ಬಳಸಿ ತೊಳೀತಿದ್ರೆ ಕಪ್ಪು ಕಟ್ಟೋದು ಕಮ್ಮಿ, ಮೊಟ್ಟೆ ತಿಂದಿದ್ರೆ ಮಾತ್ರ ಆಗಲೇ ತೊಳೀಬೇಕು.