ಕೇಟ್ ಎಡ್ಡೋಸ್ ಕೊನೇ ದಿನದ ಟೈಮ್‌ಲೈನ್ ನಾನು ಕಟ್ಟಿದ ರೀತಿ

ಜಾಕ್ ದ ರಿಪ್ಪರ್, ಅಂದ್ರೆ 1888ರಲ್ಲಿ ಲಂಡನ್ನಿನಲ್ಲಿ ಹೆಂಗಸರನ್ನ ಕೊಂದು ಕೊನೆಗೂ ಸಿಕ್ಕದೇ ಹೋದ ಕೊಲೆಗಾರ, ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ಯಾರಂತೆ ಅವ್ನು? ನನಗೆ ಆ ಪ್ರಶ್ನೆ ಮೇಲಿನ ಆಸಕ್ತಿ ಹೋಗಿ ಎಷ್ಟೋ ಕಾಲ ಆಯ್ತು. ಬಾಯಿಗೆ ಬಂದ ಹೆಸರೆಲ್ಲ ತೇಲಿಬಿಟ್ಟಿದಾರೆ, ಒಂದಕ್ಕೂ ಕೋರ್ಟಲ್ಲಿ ನಿಲ್ಲೋ ಸಾಕ್ಷಿ ಇಲ್ಲ. ನಾನು ಹಿಡಿದಿದ್ದು ಬೇರೆ ಕೆಲಸ. 1888ರ ಸೆಪ್ಟೆಂಬರ್ 30ರ ರಾತ್ರಿ 1:44ಕ್ಕೆ ಲಂಡನ್ನಿನ ಮೈಟರ್ ಸ್ಕ್ವೇರ್‌ನಲ್ಲಿ ಹೆಣವಾಗಿ ಸಿಕ್ಕಿದ್ಲಲ್ಲ ಅವನ ಕೈಗೆ ಬಲಿಯಾದ ಕ್ಯಾಥರೀನ್ (ಕೇಟ್) ಎಡ್ಡೋಸ್, 46 ವರ್ಷದವಳು, ಅವಳು ಹಿಂದಿನ ದಿನ ಬೆಳಗ್ಗೆಯಿಂದ ಎಲ್ಲೆಲ್ಲಿ ಇದ್ಲು, ಯಾರು ನೋಡಿದ್ರು, ಅಷ್ಟೇ. ಕ್ರಿಮಿನಲ್ ಸೈಡ್ ಪ್ರಾಕ್ಟೀಸ್ ಮಾಡ್ದೋನಿಗೆ ಸಾಕ್ಷಿ ಹೇಳಿಕೆ ಓದೋದು ಕೈಬಂದ ವಿದ್ಯೆ, ಅದನ್ನೇ ಇಲ್ಲಿ ಉಪಯೋಗಿಸ್ದೆ.

ಈ ಕೇಸಲ್ಲಿ ಒಂದು ಪುಣ್ಯ ಏನಂದ್ರೆ ಕೊಲೆ ನಡೆದಿದ್ದು ಸಿಟಿ ಆಫ್ ಲಂಡನ್, ಅಂದ್ರೆ ತನ್ನದೇ ಆಡಳಿತ, ಪೊಲೀಸ್ ಇರೋ ಲಂಡನ್ನಿನ ನಡುವಿನ ಹಳೇ ಭಾಗದ ಗಡಿಯೊಳಗೆ, ಹಂಗಾಗಿ ಸಾವಿನ ವಿಚಾರಣೆ ನಡೆಸೋ ಅಧಿಕಾರಿ, ಕಾರೋನರ್ ಲ್ಯಾಂಗಮ್ ಮುಂದೆ ನಡೆದ ಇನ್‌ಕ್ವೆಸ್ಟ್ (ಸಾವಿನ ವಿಚಾರಣೆ) ಕಾಗದಗಳು ಉಳ್ಕೊಂಡಿವೆ. ಆ ಹೇಳಿಕೆಗಳು ಥೇಟ್ ನಮ್ಮ ಕೋರ್ಟಿನ ಹಂಗೇ, ಸಾಕ್ಷಿ ತಾನೇ ಒಂದೇ ಉಸಿರಲ್ಲಿ ಹೇಳ್ದ ಅನ್ನೋ ತರ ಬರ್ಕೊಂಡಿರ್ತಾರೆ, ಪ್ರಶ್ನೆ ಮಾಯ. ಪ್ರಶ್ನೆ ಏನಿತ್ತು ಅಂತ ನೋಡ್ಬೇಕಂದ್ರೆ ಆಗಿನ ಪೇಪರ್ ರಿಪೋರ್ಟು ಪಕ್ಕದಲ್ಲಿ ಇಟ್ಕೊಂಡು ಓದ್ಬೇಕು. ನಾನು ಹಂಗೇ ಓದ್ದೆ, ಮೂರು ಕಾಲಮ್ ಇರೋ ಶೀಟ್ ಮಾಡ್ಕೊಂಡು: ಟೈಮ್ ಎಷ್ಟು, ಹೇಳಿದ್ದು ಯಾರು, ಆ ಟೈಮ್ ಯಾವ ಗಡಿಯಾರದ್ದು. ಮೂರನೇ ಕಾಲಮ್ಮೇ ಮುಖ್ಯ. ಗಡಿಯಾರ ನೋಡಿ ಹೇಳಿದ್ದು, ಅಂದಾಜಲ್ಲಿ ಹೇಳಿದ್ದು, ಎರಡನ್ನೂ ಒಂದೇ ತಕ್ಕಡೀಲಿ ಹಾಕಿಬಿಟ್ರೆ ಮುಗೀತು ಕಥೆ.

ಮೊದಲನೇ ಸಾಲಲ್ಲೇ ತೊಡಕು. ಕೇಟ್ ಮತ್ತೆ ಅವಳ ಜೊತೆಗಿದ್ದ ಜಾನ್ ಕೆಲ್ಲಿ ಕೆಂಟ್ ಕಡೆ ಬಿಯರಿಗೆ ಹಾಕೋ ಹಾಪ್ ಹೂವು ಕೀಳೋ ಕೂಲಿಗೆ ಹೋಗಿ ಗುರುವಾರ ವಾಪಸ್ ಬಂದಿದ್ರು, ಕೈಲಿ ದುಡ್ಡಿಲ್ಲ. ಶುಕ್ರವಾರ ರಾತ್ರಿ ಇದ್ದಿದ್ದು 6 ಪೆನ್ಸ್, 4 ಪೆನ್ಸ್ ಅವನ ಹಾಸಿಗೆಗೆ ಹೋಯ್ತು, ಇವಳು ಮೈಲ್ ಎಂಡ್‌ನಲ್ಲಿ ನೆಲೆ ಇಲ್ಲದವರನ್ನ ರಾತ್ರಿ ಮಲಗಕ್ಕೆ ಬಿಡೋ ವಾರ್ಡಿಗೆ ಹೋದ್ಲು. ಶನಿವಾರ ಬೆಳಗ್ಗೆ 8ಕ್ಕೆ ಬಂದು ಸೇರಿದ್ಲು, ಅವನ ಬೂಟು ಗಿರವಿ ಇಟ್ಟು 2 ಶಿಲಿಂಗ್ 6 ಪೆನ್ಸ್ ತಂದ್ಲು, ಅದ್ರಲ್ಲಿ ಟೀ, ಸಕ್ಕರೆ, ತಿನ್ನಕ್ಕೆ ಒಂದಿಷ್ಟು ತಗೊಂಡ್ರು, ಇದು ಕೆಲ್ಲಿ ಹೇಳಿಕೆ. ಆದ್ರೆ ಅವಳ ಹತ್ರ ಸಿಕ್ಕ ಗಿರವಿ ಚೀಟಿ ಮೇಲಿನ ತಾರೀಕು 28, ಅಂದ್ರೆ ಶುಕ್ರವಾರ! ಸಿಟಿ ಪರವಾಗಿ ಕೂತಿದ್ದ ವಕೀಲ ಕ್ರಾಫರ್ಡ್ ಇದನ್ನ ಹಿಡ್ಕೊಂಡು ಕೇಳಿದಾಗ ಕೆಲ್ಲಿ ಶುಕ್ರವಾರಾನೋ ಶನಿವಾರಾನೋ ಎಲ್ಲ ಕಲಸಿಹೋಗಿದೆ ಅನ್ನೋ ಮಟ್ಟಕ್ಕೆ ಬಂದ. ಕೆಲವರು ಇಷ್ಟಕ್ಕೇ ಕೆಲ್ಲಿ ಸುಳ್ಳುಗಾರ ಅಂತ ತೀರ್ಪು ಕೊಟ್ಬಿಡ್ತಾರೆ. ನಾನು ಕೊಡಲ್ಲ. ನಾಲ್ಕು ದಿನ ಅರೆಹೊಟ್ಟೆ, ಮೇಲೆ ಸಾವಿನ ಸುದ್ದಿ, ಅಂಥ ಮನುಷ್ಯ ಸಾಕ್ಷಿಕಟ್ಟೆಲಿ ನಿಂತು ವಾರ ತಪ್ಪಿ ಹೇಳೋದನ್ನ ನಾನು ನೋಡಿರೋದು ಒಂದೆರಡಲ್ಲ. ಚೀಟಿ ತಾರೀಕೇ ಗಟ್ಟಿ ಅಂತ ಶೀಟಲ್ಲಿ ಬರ್ದು, ಕೆಲ್ಲಿ ಮಾತನ್ನ ಪಕ್ಕದಲ್ಲಿ ಹಾಕ್ದೆ. ಶನಿವಾರ ಬೆಳಗ್ಗೆ 10ರಿಂದ 11ರೊಳಗೆ ಇಬ್ರೂ ತಾವಿರ್ತಿದ್ದ ಲಾಡ್ಜಿಂಗ್ ಹೌಸ್, ಅಂದ್ರೆ ರಾತ್ರಿ ಲೆಕ್ಕದಲ್ಲಿ ಹಾಸಿಗೆ ಬಾಡಿಗೆಗೆ ಕೊಡೋ ಮನೆ, ಅದರ ಅಡಿಗೆಮನೇಲಿ ತಿಂಡಿ ತಿಂತಿದ್ರು ಅಂತ ಅಲ್ಲಿನ ಮೇನೇಜರ್ ವಿಲ್ಕಿನ್ಸನ್ ಹೇಳ್ತಾನೆ, ಅದು ಫ್ಲವರ್ ಅಂಡ್ ಡೀನ್ ಸ್ಟ್ರೀಟಿನ 55ನೇ ನಂಬರ್ ಮನೆ.

ಮಧ್ಯಾಹ್ನ 2 ಗಂಟೆಗೆ ಹೌಂಡ್ಸ್‌ಡಿಚ್‌ನಲ್ಲಿ ಇಬ್ರೂ ಬೇರೆ ಆದ್ರು. ಬರ್ಮಂಡ್ಸೀಲಿರೋ ಮಗಳ ಹತ್ರ ಹೋಗಿ 4ಕ್ಕೆ ಬರ್ತೀನಿ ಅಂದಿದ್ಲಂತೆ. ಆ ಮಗಳು ಆನಿ ಇನ್‌ಕ್ವೆಸ್ಟಲ್ಲಿ ಬಂದು ಹೇಳಿದ್ದು ಓದಿ ನಾನು ಸುಮ್ನೆ ಕೂತ್ಬಿಟ್ಟೆ: ಅಮ್ಮನ್ನ ನೋಡಿ ಎರಡು ವರ್ಷದ ಮೇಲಾಯ್ತು, ದುಡ್ಡು ಕೇಳ್ಕೊಂಡು ಬರ್ತಾಳೆ ಅಂತ ಮನೆ ಬದಲಾಯಿಸ್ದಾಗ ವಿಳಾಸಾನೂ ಕೊಟ್ಟಿರ್ಲಿಲ್ಲ. ಅಂದ್ರೆ ಹೋಗಿದ್ರೂ ಮಗಳು ಸಿಗ್ತಿರ್ಲಿಲ್ಲ. 2ರಿಂದ 8:30ರವರೆಗೆ ಅವಳನ್ನ ನೋಡ್ದೋರು ಯಾರೂ ಸಾಕ್ಷಿಗೆ ಬರ್ಲಿಲ್ಲ. ಕೈಲಿ ಕಾಸಿಲ್ದೆ ಹೊರಟೋಳು 8:30ಕ್ಕೆ ಆಲ್ಡ್‌ಗೇಟ್ ಹೈ ಸ್ಟ್ರೀಟ್‌ನಲ್ಲಿ ಮೈಮೇಲೆ ಪ್ರಜ್ಞೆ ಇಲ್ದಂಗೆ ಕುಡಿದು ಬಿದ್ದಿದ್ಲು, ಕುಡಿಸಿದ್ದು ಯಾರು? ಇಲ್ಲಿ ಕಥೆ ಕಟ್ಟೋರಿಗೆ ಬರ ಇಲ್ಲ. ನನ್ನ ಶೀಟಲ್ಲಿ ಆರೂವರೆ ಗಂಟೆ ಖಾಲಿ.

ಅಲ್ಲಿಂದ ಮುಂದೆ ಪೊಲೀಸರೇ ಸಾಕ್ಷಿ, ಟೈಮ್ ಸರಾಗವಾಗಿ ಸಿಗುತ್ತೆ. ಕಾನ್‌ಸ್ಟೆಬಲ್ ರಾಬಿನ್‌ಸನ್ ಎತ್ತಿ ಬಾಗಿಲಿಗೆ ಒರಗಿಸ್ದ, ಪಕ್ಕಕ್ಕೆ ಜಾರಿದ್ಲು, ಇನ್ನೊಬ್ಬ ಸಿಮ್ಮನ್ಸ್ ಜೊತೆ ಸೇರಿ ಬಿಷಪ್ಸ್‌ಗೇಟ್ ಸ್ಟೇಷನ್ನಿಗೆ ಕರ್ಕೊಂಡು ಹೋದ್ರು. ಹೆಸರೇನು ಅಂದ್ರೆ "ಏನೂ ಇಲ್ಲ" ಅಂದ್ಲು. ರಾತ್ರಿ 9:45ರಿಂದ ಲಾಕಪ್ ಕಾವಲು ಹಟ್ ಅನ್ನೋ ಕಾನ್‌ಸ್ಟೆಬಲ್‌ದು. ಈ ಹಟ್ ಅಂದ್ರೆ ನನಗೆ ಬಹಳ ಇಷ್ಟ, ಇಂಥ ಸಾಕ್ಷಿ ಸಿಕ್ಕಿದ್ರೆ ಯಾವ ಪಾಟೀಸವಾಲಿಗೂ ಜಗ್ಗಲ್ಲ. 12:15ಕ್ಕೆ ಒಳಗೆ ತನ್ನಷ್ಟಕ್ಕೆ ಹಾಡ್ಕೋತಿದ್ಲು, 12:30ಕ್ಕೆ ಯಾವಾಗ ಬಿಡ್ತೀರಿ ಅಂತ ಕೇಳಿದ್ಲು, ನಿನ್ನ ನೀನು ನೋಡ್ಕೊಳೋ ಹಂಗಾದಾಗ ಅಂದ, ಈಗ್ಲೇ ಆಗಿದೀನಿ ಅಂದ್ಲು. ಒಂದು ಗಂಟೆ ಹೊತ್ತಿಗೆ ಮೇರಿ ಆನ್ ಕೆಲ್ಲಿ, 6 ಫ್ಯಾಶನ್ ಸ್ಟ್ರೀಟ್ ಅಂತ ಸುಳ್ಳು ಹೆಸರು, ಸುಳ್ಳು ವಿಳಾಸ ಕೊಟ್ಟು ಹೊರಟ್ಲು. ಟೈಮೆಷ್ಟು ಅಂತ ಕೇಳಿದ್ಲು. ಇನ್ನು ನಿನಗೆ ಕುಡಿಯಕ್ಕೆ ಸಿಗೋ ಹೊತ್ತು ಮೀರಿದೆ ಅಂದ. ಮನೆಗೆ ಹೋದ್ರೆ ಸರಿಯಾಗಿ ಏಟು ಬೀಳುತ್ತೆ ಅಂದ್ಲು, ಬಿದ್ರೆ ನಿನಗೆ ಸರಿ ಅಂದ. ಹೋಗ್ತಾ ಬಾಗಿಲು ಎಳ್ಕೊಂಡು ಹೋಗು ಅಂದ್ರೆ, ಆಯ್ತು ಬರ್ತೀನಿ ಕಣಯ್ಯ ಅನ್ನೋ ಧಾಟಿಲಿ ಗುಡ್‌ನೈಟ್ ಹೇಳಿ ಎಡಕ್ಕೆ ತಿರುಗಿದ್ಲು. ಎಡಕ್ಕೆ ಹೋದ್ರೆ ಹೌಂಡ್ಸ್‌ಡಿಚ್. ಅವಳ ಲಾಡ್ಜಿಂಗ್ ಹೌಸ್ ಇದ್ದಿದ್ದು ಈ ಕಡೆ ಅಲ್ಲ.

ಸ್ಟೇಷನ್ನಿಂದ ಮೈಟರ್ ಸ್ಕ್ವೇರ್‌ಗೆ ಮಾಮೂಲಿ ನಡಿಗೇಲಿ 8 ನಿಮಿಷ ಅಂತಾನೆ ಹಟ್. ಲಂಡನ್ನಿಗೆ ಹೋದಾಗ ನಾನೂ ನಡೆದೆ, ಬಿಷಪ್ಸ್‌ಗೇಟಲ್ಲಿ ಈಗ್ಲೂ ಪೊಲೀಸ್ ಸ್ಟೇಷನ್ ಇದೆ, ಹಳೇ ಕಟ್ಟಡ ಅಲ್ಲ. ಸಿಗ್ನಲ್ಲು, ನನ್ನ ಮಂಡಿನೋವು ಎಲ್ಲ ಸೇರಿಸ್ಕೊಂಡ್ರೂ ಹಟ್ ಲೆಕ್ಕ ಸರಿಯಾಗೇ ಇದೆ ಅನ್ನಿಸ್ತು. ಸ್ಕ್ವೇರ್ ಸುತ್ತ ಈಗ ಆಫೀಸ್ ಕಟ್ಟಡಗಳು, ಸ್ಕ್ವೇರಿಗೆ ಹೋಗೋ ಸಣ್ಣ ಓಣಿ ಚರ್ಚ್ ಪ್ಯಾಸೇಜ್ ಹೆಸರು ಸೇಂಟ್ ಜೇಮ್ಸಸ್ ಪ್ಯಾಸೇಜ್ ಆಗಿದೆ, ಆದ್ರೆ ಅಳತೆ ಗೊತ್ತಾಗುತ್ತೆ, ಎಷ್ಟು ಚಿಕ್ಕ ಜಾಗ ಅಂತ.

ಆ 8 ನಿಮಿಷ ಕಳೆದ್ರೆ 1:08, ಆಮೇಲೆ ಸಿಗೋ ಮುಂದಿನ ಸಾಕ್ಷಿ 1:35. ಅಲ್ಲೇ ಹತ್ತಿರ ಇದ್ದ ಇಂಪೀರಿಯಲ್ ಕ್ಲಬ್ಬಿಂದ ಲಾವೆಂಡೆ, ಲೆವಿ, ಹ್ಯಾರಿಸ್ ಮೂವರು ಹೊರಗೆ ಬಂದ್ರು, ಮಳೆ ಅಂತ ಅಲ್ಲಿವರೆಗೆ ಒಳಗೇ ಕೂತಿದ್ರು. ಚರ್ಚ್ ಪ್ಯಾಸೇಜ್ ಮೂಲೆಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಅವಳ ಕೈ ಅವನ ಎದೆ ಮೇಲೆ. ಲಾವೆಂಡೆ ಹೊರಡೋ ಮುಂಚೆ ಕ್ಲಬ್ಬಿನ ಗಡಿಯಾರಾನೂ ನೋಡಿದ್ದ, ತನ್ನ ವಾಚೂ ನೋಡಿದ್ದ, ಎರಡು ಗಡಿಯಾರ ಒಪ್ಪೋ ಸಾಲು ಇಡೀ ಶೀಟಲ್ಲಿ ಇದೊಂದೇ. ಆದ್ರೆ ಅವನು ಗುರುತಿಸಿದ್ದು ಬಟ್ಟೆ ನೋಡಿ, ಮುಖ ಅಲ್ಲ, ಹಂಗಾಗಿ "ಕೇಟ್ ಇದ್ಲು" ಅಂತ ನಾನು ಬರ್ದಿಲ್ಲ, "ಅವಳ ಬಟ್ಟೆಯಂಥದ್ದು ತೊಟ್ಟ ಹೆಂಗಸು" ಅಂತ ಬರ್ದೆ. ಮಳೆ ಬಗ್ಗೆ ನನ್ನ ಊಹೆ ಇಷ್ಟೇ, ಮಳೇಲಿ ಬೀದೀಲಿ ಜನ ಕಮ್ಮಿ, ಅದಕ್ಕೇ 1:08ರಿಂದ 1:35ರವರೆಗೆ ನೋಡ್ದೋರಿಲ್ಲ ಇರಬಹುದು, ಊಹೆ ಅಂತ ಬೇರೆ ಬಣ್ಣದಲ್ಲಿ ಹಾಕಿದೀನಿ.

ಕಾನ್‌ಸ್ಟೆಬಲ್ ವಾಟ್ಕಿನ್ಸ್ ಬೀಟ್ ಒಂದು ಸುತ್ತು 12ರಿಂದ 14 ನಿಮಿಷ. 1:30ಕ್ಕೆ ಸ್ಕ್ವೇರಲ್ಲಿ ಯಾರೂ ಇಲ್ಲ, 1:44ಕ್ಕೆ ಮೂಲೆಲಿ ಹೆಣ. ಇದರ ಮಧ್ಯೆ ಇನ್ನೊಬ್ಬ ಕಾನ್‌ಸ್ಟೆಬಲ್ ಹಾರ್ವಿ ಚರ್ಚ್ ಪ್ಯಾಸೇಜ್ ತುದಿವರೆಗೆ ಬಂದು 1:41, 1:42ಕ್ಕೆ ಏನೂ ಕಾಣ್ಲಿಲ್ಲ, ಏನೂ ಕೇಳ್ಲಿಲ್ಲ ಅಂತಾನೆ. ಅವನು ನೋಡಿದ್ದು ಪೋಸ್ಟಾಫೀಸ್ ಗಡಿಯಾರ, ಅದೂ ಒಂದೂವರೆಗೆ ಒಂದೆರಡು ನಿಮಿಷ ಇದ್ದಾಗ, ಆಮೇಲಿಂದು ಅಂದಾಜು. ಹೆಣ ಪರೀಕ್ಷೆ ಮಾಡಿದ ಡಾಕ್ಟರ್ ಬ್ರೌನ್ ಪ್ರಕಾರ ಕೊಲೆಗಾರನಿಗೆ ಕನಿಷ್ಠ 5 ನಿಮಿಷ ಬೇಕಿತ್ತು. ಲಾವೆಂಡೆ ನೋಡಿದ್ದು ಕೇಟೇ ಆಗಿದ್ರೆ ಇರೋದೇ 9 ನಿಮಿಷ, ಹಾರ್ವಿ ಟೈಮ್ ಎರಡು ನಿಮಿಷ ಆಚೆ ಈಚೆ ಆದ್ರೂ ಲೆಕ್ಕವೆಲ್ಲ ಬದಲಾಗುತ್ತೆ. ಹಾರ್ವಿ ಸುಳ್ಳು ಹೇಳ್ದ ಅಂತ ನನಗೆ ಅನ್ಸಲ್ಲ, ಆ ಕಡೆ ಮೂಲೆ ಅಷ್ಟು ಕತ್ತಲೆ, ಅವನು ನಿಂತಿದ್ದು ಪ್ಯಾಸೇಜ್ ತುದೀಲಿ. ಅದೇ ಸ್ಕ್ವೇರಲ್ಲಿ ಮನೆ ಇದ್ದ ಪಿಯರ್ಸ್ ಅನ್ನೋ ಕಾನ್‌ಸ್ಟೆಬಲ್ಲಿಗೇ ಏನೂ ಕೇಳ್ಸಿಲ್ಲ, ಮಲಗಿ ನಿದ್ದೆ ಮಾಡ್ತಿದ್ದ.

ಅದೇ ರಾತ್ರಿ ಒಂದು ಗಂಟೆ ಹೊತ್ತಿಗೆ ಬರ್ನರ್ ಸ್ಟ್ರೀಟಲ್ಲಿ ಹೆಣವಾಗಿ ಸಿಕ್ಕ ಎಲಿಜಬೆತ್ ಸ್ಟ್ರೈಡ್‌ದು ಈಗ ಶುರು ಮಾಡಿದೀನಿ. ಅದು ಕಷ್ಟ, ಆ ಇನ್‌ಕ್ವೆಸ್ಟಿನ ಮೂಲ ಕಾಗದ ಉಳಿದಿಲ್ಲ, ಪೇಪರ್ ರಿಪೋರ್ಟಲ್ಲೇ ಎಲ್ಲ ಹೆಕ್ಕಬೇಕು, ಒಂದೇ ಸಾಕ್ಷಿಯನ್ನ ಎರಡು ಪೇಪರ್ ಎರಡು ತರ ಬರ್ದಿರುತ್ತೆ. ಶೀಟಿಗೆ ನಾಲ್ಕನೇ ಕಾಲಮ್ ಸೇರಿಸಿದೀನಿ, ಯಾವ ಪೇಪರ್ ಅಂತ.