ಡೊಮೇನ್ ಬದಲಿಸುವ ಹಕ್ಕು ಯಾರದು? ಇವತ್ತೇ ನೋಡಿಕೊಳ್ಳಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವ ನನ್ನ ಗೆಳೆಯರ ವೆಬ್‌ಸೈಟ್ ಒಂದು ದಿನ ತೆರೆಯಲೇ ಇಲ್ಲ. ವರ್ಷ ವರ್ಷ ದುಡ್ಡು ಕಟ್ಟಿದ್ದು ಇವರು, ಆದರೆ ಡೊಮೇನ್ (ಸೈಟಿನ ವಿಳಾಸವಾಗಿರುವ ಹೆಸರು) ಇದ್ದದ್ದು ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ, ಅವನು ಫೋನೇ ಎತ್ತಲಿಲ್ಲ. ನಿಮಗೆ ಹೀಗಾಗಬಾರದು.

ಮೊದಲು ಹೂಈಸ್ (WHOIS, ಡೊಮೇನ್ ನೋಂದಣಿ ವಿವರ ತೋರಿಸುವ) ಹುಡುಕಾಟದಲ್ಲಿ ನಿಮ್ಮ ಡೊಮೇನ್ ಹಾಕಿ. ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ಯಾರು, ಅವಧಿ ಯಾವಾಗ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ. ಮಾಲೀಕರ ಹೆಸರು ಅಲ್ಲಿ ಕಾಣದೇ ಇರಬಹುದು, ಆಗ ರಿಜಿಸ್ಟ್ರಾರ್ ಖಾತೆಗೇ ಲಾಗಿನ್ ಆಗಿ ಹೆಸರು, ಇಮೇಲ್ ಎರಡೂ ನಿಮ್ಮದೇನಾ ನೋಡಿ. ಆ ಖಾತೆ ಯಾರ ಕೈಯಲ್ಲಿದೆಯೋ ನೇಮ್‌ಸರ್ವರ್ (ಡೊಮೇನ್ ಯಾವ ಸರ್ವರ್ ಕಡೆ ಹೋಗಬೇಕು ಅಂತ ಹೇಳುವುದು) ಬದಲಿಸುವುದೂ ಅವರ ಕೈಯಲ್ಲೇ. ನಿಮ್ಮದಲ್ಲ ಅಂದರೆ, ಸಂಬಂಧ ಚೆನ್ನಾಗಿರುವಾಗಲೇ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ.

ಬೇರೆ ರಿಜಿಸ್ಟ್ರಾರ್‌ಗೆ ಹೋಗಬೇಕಾ? ವರ್ಗಾವಣೆ ತಡೆಯುವ ಲಾಕ್ ತೆಗೆದು ವರ್ಗಾವಣೆ ಕೋಡ್ ಕೇಳಿ. ಡಾಟ್ ಕಾಮ್ ಹೆಸರುಗಳಿಗೆ 5 ದಿನದೊಳಗೆ ಕೋಡ್ ಕೊಡಬೇಕು ಅಂತ ಐಕ್ಯಾನ್ (ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಜಾಗತಿಕ ಸಂಸ್ಥೆ) ನಿಯಮವೇ ಇದೆ.

ಮೇಲಿನ ಹಂತವೂ ಗೊತ್ತಿರಲಿ, ದೂರು ಎಲ್ಲಿಗೆ ಅಂತ ತಿಳಿಯುತ್ತದೆ. ಡಾಟ್ ಕಾಮ್ ಹೆಸರುಗಳ ಪಟ್ಟಿ ವೆರಿಸೈನ್ ಅನ್ನೋ ಅಮೆರಿಕದ ಕಂಪನಿ ಬಳಿ, ಡಾಟ್ ಇನ್ ಪಟ್ಟಿ ನಮ್ಮ ದೇಶದ ನಿಕ್ಸಿ ಅನ್ನೋ ಸಂಸ್ಥೆ ಬಳಿ. ಇವೆರಡಕ್ಕೂ ಮೇಲೆ ರೂಟ್ ಝೋನ್, ಅಂದರೆ ಡಾಟ್ ಕಾಮ್, ಡಾಟ್ ಇನ್ ಥರದ್ದೆಲ್ಲಾ ಇರುವ ಮೂಲ ಪಟ್ಟಿ. ಅದರಲ್ಲಿ ಬದಲಾವಣೆ ಬೇಕಾದರೆ ನಿಕ್ಸಿಯಂಥವರು ಐಯಾನಾಗೆ (ಐಕ್ಯಾನ್ ಕಡೆಯಿಂದ ಈ ಪಟ್ಟಿ ನೋಡಿಕೊಳ್ಳುವ ವಿಭಾಗ) ಕೇಳಬೇಕು, ಅವರು ಪರಿಶೀಲಿಸಿದ ಮೇಲೆ ವೆರಿಸೈನ್ ಸೇರಿಸುತ್ತದೆ. 2016ರ ಅಕ್ಟೋಬರ್ 1ಕ್ಕೆ ಮುಂಚೆ ಇದಕ್ಕೆ ಅಮೆರಿಕ ಸರ್ಕಾರದ ಒಪ್ಪಿಗೆಯೂ ಬೇಕಿತ್ತು, ಈಗ ಬೇಡ. ಡಾಟ್ ಇನ್ ಹೆಸರಿನ ಜಗಳಕ್ಕೆ ನಿಕ್ಸಿಯದೇ ಪಂಚಾಯ್ತಿ ವ್ಯವಸ್ಥೆ ಇದೆ, ಆದರೆ ಬಿಲ್, ಇಮೇಲ್ ಎಲ್ಲಾ ಎತ್ತಿಟ್ಟುಕೊಂಡಿರಿ.